ಕಲ್ಲು ಕ್ವಾರಿಯಲ್ಲಿ ಮಹಾಭಾರತ: ಒಬ್ಬ ಫ್ರೆಂಚ್ ಚಿತ್ರಕಥೆಗಾರನ ಕೇಸು

1985ರ ಜುಲೈ 7. ದಕ್ಷಿಣ ಫ್ರಾನ್ಸಿನ ಅವಿನ್ಯೋಂ ಪಟ್ಟಣದಿಂದ ಸ್ವಲ್ಪ ದೂರ, ಬೂಲ್ಬೋಂ ಅನ್ನುವ ಊರಿನ ಕಲ್ಲು ಕ್ವಾರಿ. ಹಿಂದೆ ಬಂಡೆಗೋಡೆ, ಕಾಲಡಿಗೆ ಮಣ್ಣು, ಒಂದು ಕಡೆ ಸಣ್ಣ ಹೊಳೆಯ ಹಾಗೆ ನೀರು, ನಡುನಡುವೆ ಬೆಂಕಿ. ಒಬ್ಬ ಮುದುಕ ಬಂದು ಎದುರಿಗಿದ್ದ ಹುಡುಗನನ್ನು ಕೇಳುತ್ತಾನೆ, ನಿನಗೆ ಬರೆಯೋಕೆ ಬರುತ್ತಾ ಅಂತ. ಇಲ್ಲ, ಯಾಕೆ ಅನ್ನುತ್ತಾನೆ ಹುಡುಗ. ನಾನೊಂದು ದೊಡ್ಡ ಕಾವ್ಯ ಕಟ್ಟಿದ್ದೇನೆ, ಎಲ್ಲಾ ತಲೆಯಲ್ಲೇ ಇದೆ, ಬರೆದುಕೊಳ್ಳೋಕೆ ಒಬ್ಬರು ಬೇಕಿತ್ತು ಅನ್ನುತ್ತಾನೆ ಮುದುಕ. ಮುದುಕ ಅಂದರೆ ವ್ಯಾಸ. ಆಮೇಲೆ ಆನೆಮುಖದ ಗಣಪತಿ ಬರುತ್ತಾನೆ. ಅಲ್ಲಿಂದ ಹೊರಟ ಆಟ ಮುಗಿಯೋಕೆ ಒಂಬತ್ತು ಗಂಟೆ. ಮೂರು ಸಂಜೆ ಬಿಡಿಬಿಡಿಯಾಗಿ ನೋಡಬಹುದು, ಇಲ್ಲವೇ ಹೊತ್ತು ಮುಳುಗುವಾಗ ಕೂತು ಬೆಳಕು ಹರಿಯುವಾಗ ಏಳಬಹುದು. ಕರಾವಳಿ ಕಡೆಯವರಿಗೆ ಇದರಲ್ಲೇನೂ ವಿಶೇಷ ಕಾಣಲಿಕ್ಕಿಲ್ಲ, ಇಡೀ ರಾತ್ರಿ ಆಟ ನೋಡಿ ಬೆಳೆದವರು. ಫ್ರಾನ್ಸಿನವರಿಗೆ ಮಾತ್ರ ಅದು ದೊಡ್ಡ ಸಾಹಸ.

ನಿರ್ದೇಶಕ ಪೀಟರ್ ಬ್ರೂಕ್ ಅಂತ ನಾಟಕ ಬಲ್ಲವರಿಗೆಲ್ಲ ಗೊತ್ತು. ಬರೆದವರು ಯಾರು ಅಂದರೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಜಾನ್-ಕ್ಲೋದ್ ಕಾರಿಯೇರ್. ಮಜಾ ಏನು ಗೊತ್ತಾ, ಫ್ರೆಂಚಿನಲ್ಲಿ ಕಾರಿಯೇರ್ ಅಂದರೆ ಕಲ್ಲು ಕ್ವಾರಿ. ಒಬ್ಬರ ಉದ್ಯೋಗದ ಬದುಕಿಗೂ, ಇಂಗ್ಲಿಷಿನಲ್ಲಿ ನಾವು ಕೆರಿಯರ್ ಅನ್ನುತ್ತೇವಲ್ಲ, ಅದಕ್ಕೂ ಅದೇ ಪದ. ತನ್ನ ಹೆಸರಿನದ್ದೇ ಜಾಗದಲ್ಲಿ ತನ್ನ ಕೆರಿಯರಿನ ಅತಿ ದೊಡ್ಡ ಕೆಲಸ ರಂಗಕ್ಕೆ ಬರೋದು ಎಷ್ಟು ಜನಕ್ಕೆ ಸಿಗುತ್ತೆ?

ಕೇಸು ಇಷ್ಟು. ಸಂಸ್ಕೃತ ಓದಿದ ಪಂಡಿತರಲ್ಲ. ದ್ರಾಕ್ಷಿ ಬೆಳೆಯುವ ಮನೆಯ ಮಗ. ಬದುಕಿಗೆ ಸಿನಿಮಾ ಬರವಣಿಗೆ. ಅದರಲ್ಲೂ ಕಾಮಿಡಿ, ಕ್ರೈಂ, ಕನಸು ಕನವರಿಕೆಯ ಸಿನಿಮಾ. ಇಂಥವರ ಕೈಗೆ ಬೈಬಲ್ಲಿನ ಹದಿನೈದು ಪಟ್ಟು ಉದ್ದದ ಕಾವ್ಯ ಕೊಟ್ಟು ಒಂದು ರಾತ್ರಿಗೆ ಹೊಂದಿಸಿ ಅಂದರೆ ಏನಾಗುತ್ತೆ? ಹೇಗೆ ಮಾಡಿದರು, ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು? ಅದನ್ನು ನೋಡಬೇಕಾದರೆ ಅವರು ಎಲ್ಲೆಲ್ಲಿ ಕೆಲಸ ಕಲಿತರು ಅನ್ನೋದರಿಂದಲೇ ಶುರು ಮಾಡಬೇಕು.

ಹುಟ್ಟಿದ್ದು 1931ರಲ್ಲಿ, ಕೊಲೊಂಬಿಯೇರ್-ಸ್ಯೂರ್-ಓರ್ಬ್ ಅನ್ನುವ ಸಣ್ಣ ಹಳ್ಳಿಯಲ್ಲಿ. 1945ರಲ್ಲಿ ಮನೆಯವರು ಪ್ಯಾರಿಸಿನ ಪಕ್ಕದ ಮೊಂತ್ರೆಯ್‌ಗೆ ಬಂದು ಕೆಫೆ ನಡೆಸಿದರು. ಹುಡುಗ ಓದಿದ್ದು ಇತಿಹಾಸ. 1957ರಲ್ಲಿ ಮೊದಲ ಕಾದಂಬರಿ ಬಂತು. ಅದೇ ಹೊತ್ತಿಗೆ ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಫ್ರಾಂಕನ್‌ಸ್ಟೈನ್ ಭೂತದ ಅಗ್ಗದ ಕಾದಂಬರಿಗಳನ್ನೂ ಬರೆದರು, ಒಂದಲ್ಲ ಎರಡಲ್ಲ, ಆರು. ಇದನ್ನು ಹೇಳೋಕೆ ಕಾರಣ ಇದೆ. ಮುಂದೆ ದೊಡ್ಡ ದೊಡ್ಡ ಪ್ರಶಸ್ತಿ ಬಂದ ಮೇಲೂ ಇವರಿಗೆ ಇದು ಮೇಲು, ಅದು ಕೀಳು ಅನ್ನುವ ಮಡಿ ಬರಲಿಲ್ಲ.

ಆಗ ಅವರ ಪ್ರಕಾಶಕರ ಹತ್ತಿರ ಒಂದು ಕೆಲಸ ಇತ್ತು. ಹಾಸ್ಯ ನಟ, ನಿರ್ದೇಶಕ ಜಾಕ್ ತಾತಿಯವರ ಸಿನಿಮಾಗಳನ್ನು ಕಾದಂಬರಿ ಮಾಡಿ ಬರೆಯೋದು. ಕೆಲವು ಎಳೆಯ ಬರಹಗಾರರಿಂದ ಒಂದೊಂದು ಅಧ್ಯಾಯ ಬರೆಸಿ ನೋಡಿದರು, ತಾತಿ ಒಪ್ಪಿದ್ದು ಕಾರಿಯೇರ್ ಬರೆದದ್ದನ್ನು. ಕರೆಸಿ ಕೇಳಿದರು, ಸಿನಿಮಾ ಬಗ್ಗೆ ಏನು ಗೊತ್ತು? ನೋಡೋದು ಗೊತ್ತು, ಇಷ್ಟ, ಅಂದರು ಇವರು. ಅದಲ್ಲಪ್ಪಾ, ಸಿನಿಮಾ ಹೇಗೆ ಮಾಡ್ತಾರೆ ಗೊತ್ತಾ? ಇಲ್ಲ. ಸರಿ ಅಂತ ತಮ್ಮ ಎಡಿಟರ್ ಸುಝಾನ್ ಬಾರೋನ್ ಹತ್ತಿರ ಕಳಿಸಿದರು. ಆಕೆ ಎಡಿಟಿಂಗ್ ಮೇಜಿನ ಮುಂದೆ ಕೂರಿಸಿ ಒಂದು ಕೈಯಲ್ಲಿ ಚಿತ್ರಕಥೆ ತೋರಿಸಿ, ಇನ್ನೊಂದು ಕೈ ಫಿಲ್ಮಿನ ರೀಲಿನ ಮೇಲಿಟ್ಟು, ಇಲ್ಲಿಂದ ಇಲ್ಲಿಗೆ ಹೋಗೋದು ಹೇಗೆ ಅನ್ನೋದೇ ಎಲ್ಲಾ ತಾಪತ್ರಯ ಅಂದರಂತೆ. ಚಿತ್ರಕಥೆಯ ಒಂದೊಂದು ಸಾಲು, ಮೇಜಿನ ಮೇಲೆ ಅದರ ಒಂದೊಂದು ಶಾಟು. ಹಿಂದೆ ಓಡಿಸು, ಮುಂದೆ ಓಡಿಸು. ಸಿನಿಮಾ ಶಾಲೆಗೆ ಹೋಗಿ ಕಲಿತವರಲ್ಲ ಇವರು, ಆ ಮೇಜೇ ಶಾಲೆ. ಮುಂದೆ 1986ರಿಂದ ಹತ್ತು ವರ್ಷ ಫ್ರಾನ್ಸಿನ ಸರ್ಕಾರಿ ಸಿನಿಮಾ ಶಾಲೆಗೆ ಅಧ್ಯಕ್ಷರಾಗಿದ್ದರು ಅನ್ನೋದು ಬೇರೆ ಮಾತು.

ತಾತಿಯವರ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದವರು ಪಿಯರ್ ಎತೆಕ್ಸ್. ಇಬ್ಬರೂ ಜೊತೆಯಾಗಿ ಕಿರುಚಿತ್ರ ಮಾಡಿದರು. ಒಂದರ ಕಥೆ ಕೇಳಿ. ಮದುವೆ ವಾರ್ಷಿಕದ ದಿನ ಹೆಂಡತಿ ಅಡುಗೆ ಬಡಿಸಿಟ್ಟು ಕಾಯುತ್ತಿದ್ದಾಳೆ. ಗಂಡ ಪ್ಯಾರಿಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನು ಮನೆ ಮುಟ್ಟುವಷ್ಟರಲ್ಲಿ ಅವಳು ಊಟ ಮುಗಿಸಿ, ವೈನ್ ಖಾಲಿ ಮಾಡಿ, ನಿದ್ದೆ ಹೋಗಿದ್ದಾಳೆ. ಇಷ್ಟೇ. ಮಾತು ಇಲ್ಲವೇ ಇಲ್ಲ ಅನ್ನಬಹುದು. 1963ರಲ್ಲಿ ಇದಕ್ಕೆ ಆಸ್ಕರ್ ಬಂತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಲೂಯಿಸ್ ಬುನ್ಯುಯೆಲ್ ಸಿಕ್ಕಿದರು. ಸ್ಪೇನಿನವರು, ಮೆಕ್ಸಿಕೋದಲ್ಲಿ ನೆಲೆಸಿದವರು, ಆಗಲೇ ಅರವತ್ತು ದಾಟಿದ ದೊಡ್ಡ ನಿರ್ದೇಶಕ. ಫ್ರಾನ್ಸಿನ ಹಳ್ಳಿಗಾಡು ಗೊತ್ತಿರುವ ಬರಹಗಾರ ಬೇಕಾಗಿತ್ತು ಅವರಿಗೆ. ಮೊದಲು ಕೇಳಿದ್ದು, ವೈನ್ ಕುಡೀತೀರಾ? ಕುಡಿಯೋದಷ್ಟೇ ಅಲ್ಲ, ನಮ್ಮ ಮನೆಯವರು ಬೆಳೆದು ಮಾಡೋದೇ ಅದು, ಅಂದರು ಕಾರಿಯೇರ್. ಸಂದರ್ಶನ ಅಲ್ಲಿಗೇ ಮುಗಿದ ಹಾಗಾಯಿತು. ಆಮೇಲೆ ಹತ್ತೊಂಬತ್ತು ವರ್ಷದ ಒಡನಾಟ, ಆರು ಸಿನಿಮಾ. ಮೊದಲನೆಯದರಲ್ಲಿ ಪಾದ್ರಿಯ ವೇಷ ಹಾಕಿ ಕಾರಿಯೇರ್ ನಟನೆಯನ್ನೂ ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಹಾಭಾರತದ ಕೇಸಿಗೆ ಬೇಕಾದ ಅಭ್ಯಾಸ ಎಲ್ಲಾ ಇಲ್ಲೇ ಆದದ್ದು ಅಂತ ನನ್ನ ಎಣಿಕೆ.

ಕೆಲಸ ಹೇಗೆ ನಡೀತಿತ್ತು ಅಂದರೆ, ಇಬ್ಬರೇ ಎಲ್ಲೋ ಊರಾಚೆಯ ಹೋಟೆಲಿಗೆ ಹೋಗಿಬಿಡೋದು. ಹೆಂಡತಿ ಮಕ್ಕಳಿಲ್ಲ, ಗೆಳೆಯರಿಲ್ಲ. ಬೆಳಗ್ಗೆ ಮೂರು ತಾಸು, ಮಧ್ಯಾಹ್ನ ಮೂರು ತಾಸು ಎದುರುಬದುರು ಕೂತು ಕಥೆ ಹೇಳೋದು, ಕುಣಿದು ತೋರಿಸೋದು. ಇಬ್ಬರೇ ಕೂತು ಎರಡು ಸಾವಿರಕ್ಕೂ ಮಿಕ್ಕಿ ಊಟ ಮಾಡಿದ್ದೇವೆ, ಎಷ್ಟೋ ಗಂಡ ಹೆಂಡಿರಿಗಿಂತ ಜಾಸ್ತಿ, ಅಂತ ಕಾರಿಯೇರ್ ಲೆಕ್ಕ ಹೇಳುತ್ತಿದ್ದರು. ಸಂಜೆ ಕೆಲಸ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಬೇರೆ ಬೇರೆ ಕೂರಬೇಕು. ಅಷ್ಟರಲ್ಲಿ ಒಬ್ಬೊಬ್ಬರೂ ಒಂದು ಕಥೆ ಹುಟ್ಟಿಸಬೇಕು. ಉದ್ದವೋ ಗಿಡ್ಡವೋ, ಅಳುವಿನದೋ ನಗೆಯದೋ, ಸಿನಿಮಾಗೆ ಸಂಬಂಧ ಇದೆಯೋ ಇಲ್ಲವೋ, ಹುಟ್ಟಿಸಲೇಬೇಕು. ಆಮೇಲೆ ಬಾರಿನಲ್ಲಿ ಕೂತು ಅದನ್ನು ಇನ್ನೊಬ್ಬರಿಗೆ ಹೇಳಬೇಕು. ಕಲ್ಪನೆ ಅನ್ನೋದು ಮೈಕಟ್ಟಿನ ಹಾಗೆ, ದಿನಾ ಸಾಮು ಮಾಡದಿದ್ದರೆ ಜಡ್ಡುಗಟ್ಟುತ್ತೆ ಅನ್ನುವ ನಂಬಿಕೆ ಇಬ್ಬರದ್ದೂ.

ಇನ್ನೊಂದು ಕಟ್ಟಳೆ ಇತ್ತು. ಒಬ್ಬರು ಒಂದು ದೃಶ್ಯ ಹೇಳಿದರೆ ಇನ್ನೊಬ್ಬರು ಮೂರು ಸೆಕೆಂಡಿನಲ್ಲಿ ಹೂಂ ಅಥವಾ ಉಹೂಂ ಅನ್ನಬೇಕು. ಕಾರಣ ಕೊಡೋ ಹಾಗಿಲ್ಲ, ವಾದ ಇಲ್ಲ. ಉಹೂಂ ಅಂದರೆ ಆ ದೃಶ್ಯ ಸತ್ತಿತು. ಆದರೆ ಎಳೆಯ ಕಾರಿಯೇರ್‌ಗೆ ಉಹೂಂ ಅನ್ನೋಕೇ ಬಾಯಿ ಬರ್ತಿರಲಿಲ್ಲ. ಎದುರಿಗೆ ಕೂತವರು ಬುನ್ಯುಯೆಲ್, ಹೇಗೆ ಬರುತ್ತೆ? ಕೆಲವು ದಿನ ಕಳೆಯಿತು. ನಿರ್ಮಾಪಕ ಸೆರ್ಜ್ ಸಿಲ್ಬರ್‌ಮನ್ ಪ್ಯಾರಿಸಿನಿಂದ ಬಂದು ಇವರೊಬ್ಬರನ್ನೇ ಊಟಕ್ಕೆ ಕರೆದುಕೊಂಡು ಹೋದರು. ಅದೂ ಇದೂ ಮಾತಾಡಿ ಕೊನೆಗೆ, ಲೂಯಿಸ್‌ಗೆ ನಿಮ್ಮ ಕೆಲಸ ಬಹಳ ಇಷ್ಟ ಆಗಿದೆ, ಆದರೆ ಆಗಾಗ ಅವರಿಗೆ ಆಗಲ್ಲ ಅನ್ನಬೇಕು ನೀವು, ಅಂದರು. ಇದನ್ನು ಹೇಳಿಸೋಕೆ ಬುನ್ಯುಯೆಲ್ಲರೇ ಅವರನ್ನು ಕರೆಸಿದ್ದರು ಅಂತ ಆಮೇಲೆ ತಿಳಿಯಿತು. ನನಗಂತೂ ಈ ಊಟದ ಕಥೆ ಅವರ ಎಲ್ಲಾ ಪ್ರಶಸ್ತಿಗಿಂತ ದೊಡ್ಡದು ಅನಿಸುತ್ತೆ. ನಮ್ಮ ಎಷ್ಟು ಡಿಸ್ಕಷನ್ ರೂಮುಗಳಲ್ಲಿ ಬರಹಗಾರ ಬೇಡ ಅನ್ನಲಿ ಅಂತ ನಿರ್ದೇಶಕನೇ ಕಾದು ಕೂತಿರುತ್ತಾನೆ, ಹೇಳಿ ನೋಡೋಣ.

ಇದರ ನಡುವೆಯೇ ಬೇರೆ ಕೆಲಸಗಳು ಸಾಲುಸಾಲು. ನಿರ್ದೇಶಕ ಲೂಯಿ ಮಾಲ್ ಜೊತೆ, ನಿರ್ದೇಶಕ ಮಿಲೋಸ್ ಫೋರ್ಮನ್ ಜೊತೆ, ಈಜುಕೊಳದ ದಡದಲ್ಲಿ ನಡೆಯುವ ಕೊಲೆಯ ಕಥೆ, ಗ್ಯಾಂಗ್‌ಸ್ಟರುಗಳ ಕಥೆ, ಹಾಡಿಗೆ ಸಾಹಿತ್ಯ, ರಂಗಕ್ಕೆ ನಾಟಕ. ಗುಂಟರ್ ಗ್ರಾಸ್ ಕಾದಂಬರಿಯನ್ನು ಫೋಲ್ಕರ್ ಶ್ಲೋಂಡೋರ್ಫ್ ಜೊತೆ ಸಿನಿಮಾ ಮಾಡುವಾಗ ಮೂರನೇ ಭಾಗವನ್ನೇ ಬಿಟ್ಟುಬಿಟ್ಟರು, ಕಥೆ 1945ಕ್ಕೆ ನಿಲ್ಲುತ್ತೆ. 1979ರಲ್ಲಿ ಕಾನ್‌ನ ಮೊದಲ ಬಹುಮಾನ, ಮುಂದಿನ ವರ್ಷ ಆಸ್ಕರ್. ಎಲ್ಲಾ ಸಲ ಹೀಗೇ ದಡ ಸೇರಲಿಲ್ಲ. ಮಿಲನ್ ಕುಂದೇರಾ ಕಾದಂಬರಿಯಿಂದ 1988ರಲ್ಲಿ ಬಂದ ಸಿನಿಮಾಗೆ ಚಿತ್ರಕಥೆಯ ಆಸ್ಕರ್ ನಾಮಿನೇಷನ್ ಸಿಕ್ಕಿತು, ಕುಂದೇರಾ ಮಾತ್ರ ಆಮೇಲೆ ತಮ್ಮ ಪುಸ್ತಕಗಳನ್ನು ಸಿನಿಮಾ ಮಾಡೋಕೇ ಬಿಡಲಿಲ್ಲ.

ಇಷ್ಟು ನೋಡಿದರೆ ಇವರಿಗೊಂದು ಶೈಲಿ ಅಂತ ಇದೆಯಾ? ಹುಡುಕಿದರೆ ಸಿಗೋದು ಕಷ್ಟ. ಬುನ್ಯುಯೆಲ್ ಸಿನಿಮಾ ಬುನ್ಯುಯೆಲ್ ಸಿನಿಮಾ ಥರಾನೇ ಇರುತ್ತೆ, ಮಾಲ್ ಸಿನಿಮಾ ಮಾಲ್ ಥರ. ಅದನ್ನು ಕೊರತೆ ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ಎದುರಿಗೆ ಕೂತವರ ಬಾಯಲ್ಲಿ ಅರ್ಧ ಉಳಿದ ಮಾತನ್ನು ಹಿಡಿಯೋದೇ ಇವರ ಕಸುಬು. ಆ ಕಸುಬಿಗೆ ಸ್ವಂತ ಶೈಲಿ ಅಡ್ಡ ಬರುತ್ತೆ.

ಈಗ ವ್ಯಾಸನ ಹತ್ತಿರ ಬರೋಣ.

ಬ್ರೂಕ್ ತಲೆಯಲ್ಲಿ ವಿಯೆಟ್ನಾಂ ಯುದ್ಧದ ಕಾಲದಿಂದ ಒಂದು ಚಿತ್ರ ಕೂತಿತ್ತು. ಎರಡು ಸೈನ್ಯದ ನಡುವೆ ರಥ ನಿಲ್ಲಿಸಿ, ಹೊಡೆಯಲಾರೆ ಅನ್ನುವ ಒಬ್ಬ ಯೋಧ. ಅವನು ಯಾಕೆ ನಿಂತ? ಇದನ್ನು ಅವರು ಪ್ಯಾರಿಸಿನ ಸಂಸ್ಕೃತ ವಿದ್ವಾಂಸ ಫಿಲಿಪ್ ಲವಾಸ್ತೀನ್ ಹತ್ತಿರ ಕೇಳಿದರು. ಆ ಹೊತ್ತಿಗೆ ಬ್ರೂಕ್‌ಗೆ ಕಾರಿಯೇರ್ ಜೊತೆಯಾಗಿದ್ದರು. 1974ರಲ್ಲಿ ಬೂಫ್ ದ್ಯು ನೋರ್ ಅನ್ನುವ ಪಾಳುಬಿದ್ದ ಥಿಯೇಟರ್ ತೆರೆದಾಗ ಮೊದಲ ನಾಟಕವನ್ನು ಫ್ರೆಂಚಿಗೆ ತಂದವರು ಅವರೇ. ಲವಾಸ್ತೀನ್ ಹೇಳಿದ್ದು, ಅದು ತಿಳೀಬೇಕಾದರೆ ಅರ್ಜುನ ಯಾರು ಅಂತ ತಿಳೀಬೇಕು, ಅರ್ಜುನ ಯಾರು ಅಂತ ತಿಳೀಬೇಕಾದರೆ ಅವನು ಹುಟ್ಟಿದ್ದು ಹೇಗೆ ಅಂತ ತಿಳೀಬೇಕು. ಹಾಗೆ ಹಿಂದೆ ಹಿಂದೆ ಹೋಗುತ್ತಾ ಕಥೆ ಹೇಳೋಕೆ ಕೂತರು. ತಿಂಗಳುಗಟ್ಟಲೆ. ಇವರಿಬ್ಬರೂ ಕೇಳಿದರು, ಕಾರಿಯೇರ್ ಬರೆದುಕೊಂಡರು. ಪುಸ್ತಕ ಓದೋದು ಆಮೇಲೆ, ಮೊದಲು ಬರೀ ಕಿವಿ. ಮಹಾಭಾರತ ನಮ್ಮಜ್ಜಿಯರ ಕಾಲದಲ್ಲಿ ಮನೆಗೆ ಬಂದ ದಾರಿಯೂ ಅದೇ ಅಲ್ವಾ.

ಒಂದು ರಾತ್ರಿ ಕಥೆ ಕೇಳಿ ಹೊರಗೆ ಬಂದಾಗ ಮೂರು ಗಂಟೆ. ಪ್ಯಾರಿಸಿನ ಸೇಂಟ್ ಆಂದ್ರೆ ದೇಜಾರ್ ಬೀದಿಯಲ್ಲಿ ನಡೆಯುತ್ತಾ ಇಬ್ಬರೂ ನಿಂತು ಮಾತು ಕೊಟ್ಟುಕೊಂಡರು. ಇದನ್ನು ಮಾಡೋಣ. ಯಾವಾಗ ತಯಾರಾಗುತ್ತೋ ಆಗ, ಎಷ್ಟು ಉದ್ದ ಬೇಕೋ ಅಷ್ಟು. ಆಗಿನಿಂದ ಕ್ವಾರಿಯ ರಾತ್ರಿಯವರೆಗೆ ಹತ್ತು ವರ್ಷ ಹಿಡಿಯಿತು. ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಭಾರತಕ್ಕೆ ಬಂದು ಸುತ್ತಾಡಿದರು, ಕಥಕ್ಕಳಿ ನೋಡಿದರು, ಕಂಚಿಗೆ ಹೋದರು. ತಾಲೀಮೇ ಒಂಬತ್ತು ತಿಂಗಳು. ತಾಲೀಮಿನಲ್ಲಿ ನಟರ ಬಾಯಿಗೆ ಕೂರದ ಮಾತನ್ನು ಕಾರಿಯೇರ್ ತಿದ್ದುತ್ತಲೇ ಇದ್ದರು.

ನನಗೆ ಬಹಳ ಹಿಡಿಸಿದ್ದು ಪದಗಳ ವಿಷಯ. ಕಾವ್ಯ ಫ್ರೆಂಚಿಗೆ ಬರಬೇಕು, ಆದರೆ ಫ್ರೆಂಚ್ ಆಗಬಾರದು. ಕ್ಷತ್ರಿಯ ಅನ್ನೋದಕ್ಕೆ ಅಲ್ಲಿಯ ನೈಟ್ ಅನ್ನುವ ಅರ್ಥದ ಪದ ಹಾಕಿದರೆ ಕಣ್ಣ ಮುಂದೆ ಕಬ್ಬಿಣದ ಕವಚ ತೊಟ್ಟ ಯುರೋಪಿನ ಸವಾರ ಬಂದು ನಿಲ್ಲುತ್ತಾನೆ. ಪಾಪ ಅನ್ನೋದಕ್ಕೆ ಚರ್ಚಿನ ಪದ ಹಾಕಿದರೆ ಪಾದ್ರಿ ಬರುತ್ತಾನೆ. ಇಂಥವನ್ನು ಪಟ್ಟಿ ಮಾಡಿ ಹೊರಗಿಟ್ಟರು. ಕ್ಷತ್ರಿಯ ಕ್ಷತ್ರಿಯವಾಗೇ ಉಳಿಯಿತು, ಧರ್ಮ ಧರ್ಮವಾಗೇ ಉಳಿಯಿತು. ಪ್ರತಿ ಭಾರತೀಯ ಪದಕ್ಕೂ ನಮ್ಮಲ್ಲೊಂದು ಸಾಟಿ ಇದೆ ಅಂದುಕೊಳ್ಳೋದೂ ಒಂದು ಥರದ ಆಕ್ರಮಣ ಅನ್ನೋದು ಅವರ ವಾದ. ಧರ್ಮದ ವಿಷಯದಲ್ಲಿ ಅವರು ಬಚಾವಾದರು ಅಂತಲೇ ಹೇಳಬೇಕು. ಧರ್ಮಛತ್ರ, ಧರ್ಮಸಂಕಟ, ಧರ್ಮಕ್ಕೆ ಸಿಕ್ಕಿದ್ದು, ಧರ್ಮದೇಟು, ಇಷ್ಟಕ್ಕೂ ಒಂದೇ ಪದ ಇಟ್ಟುಕೊಂಡಿರುವ ನಮಗೇ ಅದನ್ನು ಬಿಡಿಸಿ ಹೇಳು ಅಂದರೆ ಬೆವರು ಬರುತ್ತೆ.

ಇನ್ನೊಂದು ಜಾಣತನ ಆ ಹುಡುಗ. ಫ್ರಾನ್ಸಿನಲ್ಲಿ ಕೂತು ನೋಡುವವರಿಗೆ ಸತ್ಯವತಿ ಯಾರು, ಭೀಷ್ಮ ಮದುವೆ ಯಾಕೆ ಬಿಟ್ಟ ಅನ್ನೋದು ಒಂದೂ ಗೊತ್ತಿಲ್ಲ. ಹಾಗಂತ ಪಾತ್ರಗಳ ಬಾಯಲ್ಲಿ ಪಾಠ ಹೇಳಿಸಿದರೆ ನಾಟಕ ಸಾಯುತ್ತೆ. ಹುಡುಗ ಇದ್ದರೆ ನೋಡುಗರ ಪೆದ್ದು ಪ್ರಶ್ನೆಯೆಲ್ಲಾ ಅವನೇ ಕೇಳುತ್ತಾನೆ, ವ್ಯಾಸ ಹೇಳುತ್ತಾನೆ, ಗಣಪತಿ ಬರೆಯುತ್ತಾನೆ. ಕೇಳುವವನು, ಹೇಳುವವನು, ಬರೆಯುವವನು. ಲವಾಸ್ತೀನ್ ಮನೆಯಲ್ಲಿ ಆ ರಾತ್ರಿಗಳಲ್ಲಿ ಇದ್ದವರೂ ಮೂವರೇ. ಆ ಕೋಣೆಯನ್ನೇ ಎತ್ತಿ ಕ್ವಾರಿಗೆ ತಂದಿಟ್ಟ ಹಾಗಿದೆ. ಇದು ನನ್ನ ಊಹೆ, ಆದರೆ ನೋಡುವಾಗಲೆಲ್ಲ ಹಾಗೇ ಅನಿಸುತ್ತೆ.

ನಾನು ನೋಡಿದ್ದು ಟಿವಿಗೆ ಅಂತ 1989ರಲ್ಲಿ ಮಾಡಿದ, ಐದು ಗಂಟೆಗೂ ಮಿಕ್ಕಿದ ಇಂಗ್ಲಿಷ್ ರೂಪ. ಮೊದಲ ಅರ್ಧ ಗಂಟೆ ಕಷ್ಟ ಆಯಿತು, ಸುಳ್ಳು ಹೇಳಲ್ಲ. ಭೀಮ ಸೆನೆಗಲ್‌ನ ಮಾಮದು ಜೂಮ್, ದ್ರೋಣ ಜಪಾನಿನ ಯೋಶಿ ಒಯಿಡಾ, ಅರ್ಜುನ ಇಟಲಿಯವರು, ಧರ್ಮರಾಯ ಪೋಲೆಂಡಿನವರು. ದ್ರೌಪದಿ ಮಾತ್ರ ನಮ್ಮ ಮಲ್ಲಿಕಾ ಸಾರಾಭಾಯಿ, ಫ್ರೆಂಚ್ ಆಟದಲ್ಲೂ ಇಂಗ್ಲಿಷ್ ಆಟದಲ್ಲೂ ಅವರೇ. ಕಿರೀಟ, ಝಗಮಗ, ಬಾಣಕ್ಕೆ ಬಾಣ ಡಿಕ್ಕಿ ಹೊಡೆಯೋದು ಒಂದೂ ಇಲ್ಲ. ಆದರೆ ಬುರ್ಕಿನಾ ಫಾಸೋದ ಸೋತಿಗಿ ಕುಯಾತೆ ಭೀಷ್ಮನಾಗಿ ಬಂದು ನಿಂತರು ನೋಡಿ, ಆ ಉದ್ದ ತೆಳು ಮೈ, ಆ ನಿಧಾನ, ಅಲ್ಲಿಗೆ ನನ್ನ ತಕರಾರು ಮುಗಿಯಿತು. ಈಗ ಭೀಷ್ಮ ಅಂದರೆ ನನಗೆ ಅವರ ಮುಖವೇ ಬರುತ್ತೆ, ಏನು ಮಾಡಲಿ.

ಎಲ್ಲಾ ಸರಿ ಇದೆ ಅಂತಲ್ಲ. ನಮ್ಮ ರಂಗವಿಮರ್ಶಕ ರುಸ್ತುಮ್ ಭರೂಚಾ ಅವರು 1988ರಲ್ಲೇ ಕಟುವಾಗಿ ಬರೆದರು. ಭಾರತದ ಸಂಸ್ಕೃತಿಯನ್ನು ಕಚ್ಚಾ ಮಾಲಿನ ಹಾಗೆ ಎತ್ತಿಕೊಂಡು ಹೋಗಿ, ಅದರ ಸುತ್ತಲಿನ ಬದುಕನ್ನೂ ನಂಬಿಕೆಯನ್ನೂ ಕಳಚಿ, ಜಗತ್ತಿಗೆಲ್ಲಾ ಸೇರಿದ ಕಥೆ ಅಂತ ಮಾರಿದ್ದೀರಿ ಅನ್ನೋದು ಅವರ ಸಿಟ್ಟಿನ ತಿರುಳು. ಎಲ್ಲವನ್ನೂ ನಾನು ಒಪ್ಪಲ್ಲ. ಕಥೆ ಊರು ಬಿಟ್ಟು ಊರಿಗೆ ಹೋಗೋದು, ಹೋದಲ್ಲಿ ಬೇರೆಯಾಗೋದು ಹೊಸದೇನಲ್ಲ. 941ರಲ್ಲಿ ಪಂಪ ಇದೇ ಕಥೆಗೆ ತನ್ನ ಅರಸ ಅರಿಕೇಸರಿಯನ್ನೇ ಅರ್ಜುನ ಮಾಡಿ ಕೂರಿಸಿದ, ದ್ರೌಪದಿಗೆ ಒಬ್ಬನೇ ಗಂಡ ಅಂದ. ಆದರೆ ಪಂಪ ಒಳಗಿನವನು, ಏನನ್ನು ಬದಲಿಸುತ್ತಿದ್ದೇನೆ ಅನ್ನೋದು ಅವನಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಕ್ವಾರಿಯಲ್ಲಿ ಕೂತವರಿಗೆ ಕಂಡದ್ದೇ ಮಹಾಭಾರತ. ಆ ಮಟ್ಟಿಗೆ ಭರೂಚಾ ಮಾತಿಗೆ ತೂಕ ಇದೆ.

ನನ್ನ ಸ್ವಂತ ತಕರಾರು ಗೀತೆಯದ್ದು. ಯೋಧ ಯಾಕೆ ನಿಂತ ಅನ್ನುವ ಪ್ರಶ್ನೆಯಿಂದಲೇ ಇಷ್ಟೆಲ್ಲಾ ಶುರುವಾಗಿದ್ದು. ಒಂಬತ್ತು ಗಂಟೆಯ ಆಟದಲ್ಲಿ ಆ ಜಾಗಕ್ಕೆ ಬಂದಾಗ ಸಿಗೋದು ಕೆಲವೇ ನಿಮಿಷ, ಕೃಷ್ಣ ಅರ್ಜುನನ ಕಿವಿಯಲ್ಲಿ ಹೇಳುತ್ತಾನೆ, ನಮಗೆ ದಕ್ಕೋದು ನಾಲ್ಕು ಮಾತು. ರಂಗದ ಲೆಕ್ಕದಲ್ಲಿ ಅದು ಸರಿ, ಯುದ್ಧಕ್ಕೆ ನಿಂತ ಸೈನ್ಯದ ಮುಂದೆ ಹದಿನೆಂಟು ಅಧ್ಯಾಯ ಹೇಳಿಸೋಕಾಗುತ್ತಾ? ಅಲ್ಲಿ ಕಾರಿಯೇರ್ ಒಳಗಿನ ಚಿತ್ರಕಥೆಗಾರ ಗೆದ್ದ. ಆದರೂ ಹತ್ತು ವರ್ಷ ನಡೆದು ಬಂದದ್ದು ಯಾವ ಬಾಗಿಲಿಗೋ ಅದನ್ನು ತಟ್ಟಿ, ಒಳಗೆ ಇಣುಕಿ ಮುಂದೆ ಹೋದ ಹಾಗೆ ಕಾಣುತ್ತೆ. ಮೂರು ಸೆಕೆಂಡಿನಲ್ಲಿ ಉಹೂಂ ಅನ್ನುವವರು ಆ ಕೋಣೆಯಲ್ಲಿ ಬೇಕಿತ್ತೇನೋ.

ಇಂಗ್ಲಿಷ್ ರೂಪ 1987ರಿಂದ ದೇಶ ದೇಶ ಸುತ್ತಿತು. ಭಾರತಕ್ಕೆ ಮಾತ್ರ ಒಂಬತ್ತು ಗಂಟೆಯ ಆಟ ಬರಲೇ ಇಲ್ಲ. ಕಾರಿಯೇರ್ ಬರುವುದನ್ನು ಬಿಡಲಿಲ್ಲ. ದಲೈ ಲಾಮಾ ಜೊತೆ ಕೂತು ಮಾತಾಡಿ ಒಂದು ಪುಸ್ತಕ, ಭಾರತದ ಬಗ್ಗೆ ಅಕ್ಷರಮಾಲೆಯಲ್ಲಿ ಒಂದು ದಪ್ಪ ಪುಸ್ತಕ. ಎಪ್ಪತ್ತು ದಾಟಿದ ಮೇಲೂ ಸಿನಿಮಾಗೆ ಬರೆಯುತ್ತಲೇ ಇದ್ದರು. 2014ರಲ್ಲಿ ಗೌರವ ಆಸ್ಕರ್ ಬಂದಾಗ, ಚಿತ್ರಕಥೆಗಾರರು ಸಿನಿಮಾ ಚರಿತ್ರೆಯಲ್ಲಿ ನೆರಳಿನ ಹಾಗೆ ಹಾದುಹೋಗುವವರು ಅಂತ ಎಲ್ಲಾ ಬರಹಗಾರರ ಪರವಾಗಿ ತೆಗೆದುಕೊಂಡರು. 2015ರಲ್ಲಿ ನಮ್ಮ ಸರ್ಕಾರದ ಪದ್ಮಶ್ರೀ. ತೀರಿಕೊಂಡದ್ದು 2021ರ ಫೆಬ್ರವರಿ 8, ಪ್ಯಾರಿಸಿನಲ್ಲಿ, 89ನೇ ವಯಸ್ಸಿಗೆ.

ಶೂಟಿಂಗ್ ಮುಗಿದ ದಿನ ಚಿತ್ರಕಥೆಯ ಪ್ರತಿಗಳನ್ನು ಹುಡುಕಬೇಕಾದರೆ ಸ್ಟುಡಿಯೋದ ಕಸದ ಡಬ್ಬಿಯಲ್ಲಿ ಹುಡುಕಬೇಕು ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಹುಳು ಚಿಟ್ಟೆಯಾದ ಮೇಲೆ ಪೊರೆ ಯಾರಿಗೆ ಬೇಕು? ಆದರೆ ಮಹಾಭಾರತದ ಪ್ರತಿ ಕಸದ ಡಬ್ಬಿಗೆ ಹೋಗಲಿಲ್ಲ. ಮೂವತ್ತು ವರ್ಷದ ಮೇಲೆ, 2015ರಲ್ಲಿ, ಬ್ರೂಕ್ ಅದನ್ನು ಮತ್ತೆ ಎತ್ತಿಕೊಂಡರು. ಈ ಸಲ ಯುದ್ಧ ಮುಗಿದ ಮೇಲಿನ ಭಾಗ ಮಾತ್ರ, ಗೆದ್ದು ಕೂತ ಧರ್ಮರಾಯನ ಸಂಕಟ. ನಾಲ್ಕೇ ನಟರು, ಡೋಲು ಬಾರಿಸೋಕೆ ಹಿಂದಿನ ಆಟದಲ್ಲೂ ಇದ್ದ ಜಪಾನಿನ ತೋಶಿ ತ್ಸುಚಿತೋರಿ. ಒಂಬತ್ತು ಗಂಟೆಯದ್ದು ಒಂದು ಗಂಟೆ ಚಿಲ್ಲರೆಗೆ ಇಳಿದಿತ್ತು. ಈ ಆಟ ಭಾರತಕ್ಕೂ ಬಂತು, 2016ರಲ್ಲಿ, ಮುಂಬೈಗೆ. ಕೊನೆಯಲ್ಲಿ ಮಾತೆಲ್ಲಾ ಮುಗಿದ ಮೇಲೆ ಡೋಲು ಒಂದೇ ಉಳಿಯುತ್ತೆ. ಅದು ನಿಧಾನವಾಗಿ ಕಮ್ಮಿಯಾಗಿ ನಿಲ್ಲುತ್ತೆ, ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಜನ ಸ್ವಲ್ಪ ಹೊತ್ತು ಸುಮ್ನೆ ಕೂತಿರುತ್ತಾರೆ.